ಬಿಲ್ಲಕ್ಕ ಹೊರಟುಹೋದ ಸಂಜೆ

ಆಗೆಲ್ಲ ಹುಕ್ಕೇರಿಯಲ್ಲಿ ಕಂಪ್ಯೂಟರ್ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಕಾಕಾ ಸಂಕೇಶ್ವರದಿಂದ ಹಳೆಯದೊಂದನ್ನು ತಂದು, ಅಣ್ಣ ಭರತೇಶನ ಓದಿಗೆಂದು ನಮ್ಮ ಮನೆಯಲ್ಲಿಟ್ಟಿದ್ದರು. ಅಣ್ಣ ಓದಿದ್ದು ಅಷ್ಟಕ್ಕಷ್ಟೆ. ಒಂದೇ ಆಟಕ್ಕೆ ಅಂಟಿಕೊಂಡಿದ್ದ. ಅದರಲ್ಲಿ ನಾಯಕನ ಜೊತೆ ಬಿಲ್ಲು ಹಿಡಿದ ಹೆಂಗಸೊಬ್ಬಳು ಊರೂರು ಅಲೆಯುತ್ತಿದ್ದಳು. ನಾವು ಅವಳನ್ನು ಬಿಲ್ಲಕ್ಕ ಎನ್ನುತ್ತಿದ್ದೆವು.

ನನಗೆ ಹನ್ನೊಂದು ವರ್ಷ, ಬರೀ ಬಡಿದಾಟ ಬೇಕು. ಅಣ್ಣ ಮಾತ್ರ ಆಟದೊಳಗೆ ಡೇರೆ ಹಾಕಿದಾಗಲೆಲ್ಲ ಅವಳೊಂದಿಗೆ ಮಾತಿಗೆ ಕೂರುತ್ತಿದ್ದ. ಅವಳು ಇಂಗ್ಲಿಷಿನಲ್ಲಿ ಏನೋ ಕೇಳುವಳು, ಕೆಳಗೆ ಮೂರು ಉತ್ತರ ಮೂಡುವವು. ಅಣ್ಣ ನಿಘಂಟು ತೆರೆದು ಒಂದನ್ನು ಆರಿಸುವನು.

"ಬರೇ ಹೊಡದಾಡಿದ್ರ ಇಕಿ ಬೆಳಿಯಂಗಿಲ್ಲ ಪದ್ದಿ. ಮಾತಾಡಸಬೇಕು. ನಂಬಿಗಿ ಬಂದ್ರ ತನ್ನ ಕಥಿ ತಾನ ಹೇಳ್ತಾಳ."

ಮೊದಮೊದಲು ಸಿಡುಕುತ್ತಿದ್ದವಳು ಕೊನೆಗೆ ಸತ್ತ ತಮ್ಮನ ಹೆಸರು ಹೇಳುವಷ್ಟಾದಳು. ಅವನು ಹೇಗೆ ಸತ್ತ ಎಂಬುದೊಂದು ಬಾಕಿ.

ಅಷ್ಟರಲ್ಲಿ ಅಣ್ಣನ ಮುಖ, ಕಾಲು ಬಾತವು. ಮೂತ್ರಪಿಂಡ ಕೆಟ್ಟಿದೆ ಎಂದರು. ಬೆಳಗಾವಿಯ ದವಾಖಾನೆಗೆ ಹೊರಟಾಗ ಅವ್ವನಿಗೆ ಕೇಳಿಸದಂತೆ ನನಗೆ ಹೇಳಿದ, "ಆಟ ನೀ ನಡಸು. ತಮ್ಮಗ ಏನಾತಂತ ತಿಳಕೊಂಡು ಬಂದು ಹೇಳು."

ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ ನಮ್ಮದು. ಒಂದು ಸಂಜೆ ಬಿಲ್ಲಕ್ಕ ಡೇರೆಯಲ್ಲಿ ಉದ್ದಕ್ಕೆ ಏನೋ ಕೇಳಿದಳು. ಒಳಗಿನಿಂದ ಬಿಸಿ ರೊಟ್ಟಿಯ ವಾಸನೆ, ಅದರ ಹಿಂದೆಯೇ ಆಯಿಯ, ಅಂದರೆ ಅಜ್ಜಿಯ, ಕೂಗು: "ಹೊತ್ತ ಮುಳಗಾಕತ್ತೈತಿ. ಉಣ್ಣಾಕ ಬರ್ತಿಯೇನ, ಉಪಾಸ ಮಲಗ್ತಿಯೇನ?"

ನಿಘಂಟು ತೆರೆಯಲಿಲ್ಲ. ಮೊದಲ ಉತ್ತರವನ್ನೇ ಒತ್ತಿದೆ. ಕರೆಂಟನ್ನು ನಂಬುವಂತಿರಲಿಲ್ಲ, ಹಾಗಾಗಿ ಹಳೆಯ ಆಟದ ಮೇಲೆಯೇ ಸೇವ್ ಮಾಡಿ ಎದ್ದೆ.

ಮರುದಿನ ಬಿಲ್ಲಕ್ಕ ಇರಲಿಲ್ಲ. ಆಟದ ದಿನಚರಿಯಲ್ಲಿ ಮೂಡಿದ್ದ ಸಾಲನ್ನು ಪದ ಪದ ಹುಡುಕಿ ಓದಿದೆ. ನಿನ್ನ ಜೊತೆ ಇರಲೇ ಎಂದು ಅವಳು ಕೇಳಿದ್ದಳು, ಹೋಗು ಎಂದಿದ್ದೆ ನಾನು. ಅವಳಿದ್ದ ಹಳೆಯ ಆಟ ಅಳಿಸಿಹೋಗಿತ್ತು, ಎಷ್ಟು ಅತ್ತರೂ ಅವಳು ಮರಳಿ ಬರುವ ದಾರಿ ಇರಲಿಲ್ಲ.

ದವಾಖಾನೆಯಲ್ಲಿ ಅಣ್ಣ ಮೊದಲು ಕೇಳಿದ್ದೇ ಅದು. "ಹೇಳಿದ್ಲೇನ?"

"ಹೂಂ. ತಮ್ಮ ಸತ್ತಿಲ್ಲಂತ. ಹೊಳಿ ದಾಟಿ ಹೋಗಿದ್ನಂತ. ಸಿಕ್ಕಾನ."

ಅಣ್ಣ ನನ್ನ ಮುಖ ನೋಡಿ ನಕ್ಕ. "ಚಲೋ ಮಾತಾಡಸಿದಿ ನೋಡು ನೀ," ಎಂದ. ಅದೇ ವಾರ ಹೋದ.

ಬಿಲ್ಲಕ್ಕನ ಪೂರ್ತಿ ಕಥೆ ಈಗ ಫೋನಿನಲ್ಲಿ ಸಿಗುತ್ತದೆ. ಅಣ್ಣನದು ಎಲ್ಲೂ ಸಿಗುವುದಿಲ್ಲ. ಹನ್ನೊಂದು ವರ್ಷ ಅವನ ಬಾಜೂ ಕೂತು ಉಂಡೆ, ಜಗಳಾಡಿದೆ. ನಿನ್ನ ಮನಸ್ಸಿನಲ್ಲೇನಿದೆ ಎಂದು ಒಂದು ದಿನವೂ ಅವನನ್ನು ಕೇಳಲಿಲ್ಲ.