ಹಿಂಬಾಗಿಲು ಮುಚ್ಚಿದೆ, ಸರಿ!

ಮೊರಿವಾಕಿ ಶಿಗೆನೊಬು ಮೂವತ್ತೆಂಟು ವರ್ಷ ಬಸ್ಸು ಓಡಿಸಿದವನು. ಅಷ್ಟೂ ವರ್ಷ ಒಬ್ಬ ಪ್ರಯಾಣಿಕನನ್ನೂ ದಾರಿಯಲ್ಲಿ ಬಿಟ್ಟು ಬಂದವನಲ್ಲ ಎಂಬ ಹೆಮ್ಮೆ ಅವನಿಗಿತ್ತು. ಹೊಸಬರು ಯಾರು ಸಿಕ್ಕಿದರೂ ಮೊದಲ ಹತ್ತು ನಿಮಿಷದಲ್ಲೇ ಇದನ್ನು ಅವರ ಕಿವಿಗೆ ಹಾಕದಿದ್ದರೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ಬಸ್ಸು ಹೊರಡುವ ಮುನ್ನ ಬಿಳಿ ಕೈಗವಸಿನ ಬೆರಳು ಚಾಚಿ, ಒಂದೊಂದನ್ನೂ ತೋರಿಸಿ, ಗಟ್ಟಿಯಾಗಿ ಹೇಳುವುದು ಅವನ ಡಿಪೋದ ಚಾಲಕರ ಪದ್ಧತಿ. "ಬಲಗಡೆ, ಸರಿ! ಎಡಗಡೆ, ಸರಿ! ಹಿಂಬಾಗಿಲು ಮುಚ್ಚಿದೆ, ಸರಿ! ಪ್ರಯಾಣಿಕರು ಕೂತಿದ್ದಾರೆ, ಸರಿ!"

ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ತನ್ನ ಪುಟ್ಟ ವ್ಯಾನಿನಲ್ಲಿ ಕೂತು ಹೀಗೇ ಬೆರಳು ಚಾಚುತ್ತಿದ್ದ. ಕೊನೆಯ ಸಾಲೊಂದನ್ನು ಮಾತ್ರ ಬಿಟ್ಟಿದ್ದ. ಈಗ ಪ್ರಯಾಣಿಕರೆಲ್ಲಿ? ಹಿಂದೆ ಇರುವವಳು ಹೆಂಡತಿ ಫುಸಾಕೊ ಒಬ್ಬಳೇ ತಾನೆ.

ಪ್ರತಿ ವರ್ಷ ಪರ್ಸಿಮನ್ ಹಣ್ಣು ಕೆಂಪಾಗುವ ಶರತ್ಕಾಲಕ್ಕೆ ವ್ಯಾನಿನ ಹಿಂಭಾಗದಲ್ಲಿ ಹಾಸಿಗೆ ಹಾಕಿಕೊಂಡು ಇಬ್ಬರೂ ಶಿಮಾನೆಯ ಬೆಟ್ಟದ ಹಳ್ಳಿಗಳನ್ನು ಸುತ್ತಲು ಹೊರಡುತ್ತಿದ್ದರು. ಹೆದ್ದಾರಿಯ ಪ್ರತಿ ತಂಗುದಾಣದಲ್ಲೂ ಆಯಾ ಊರಿನ ಮುದ್ರೆಯೊಂದನ್ನು ಇಟ್ಟಿರುತ್ತಾರೆ. ಅದನ್ನು ತನ್ನ ಪುಸ್ತಕದಲ್ಲಿ ಒತ್ತಿಕೊಂಡರೆ ಶಿಗೆನೊಬುವಿನ ಮಟ್ಟಿಗೆ ಆ ಊರನ್ನು ನೋಡಿ ಮುಗಿಸಿದಂತೆ. ಫುಸಾಕೊಗೆ ಸೊಂಟ ನೋವು. ಪರದೆಯ ಹಿಂದೆ ಮಲಗಿಕೊಂಡೇ ಬರುತ್ತಿದ್ದಳು. ಅವನು ಮಾತಾಡುತ್ತಿದ್ದ. ಮನಸ್ಸು ಬಂದಾಗ ಅವಳು "ಹೂಂ" ಅನ್ನುತ್ತಿದ್ದಳು. ಮದುವೆಯಾಗಿ ನಲವತ್ತಾರು ವರ್ಷ ಹೀಗೆ ಯಾವ ತಕರಾರೂ ಇಲ್ಲದೆ ಸಾಗಿತ್ತು, ತಕರಾರಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ಆ ದಿನ ಕುರೊತಾನಿಯ ತಂಗುದಾಣದಲ್ಲಿ ಊಟ ಮುಗಿಸಿ ಅವನು ಮುದ್ರೆ ಒತ್ತಲು ಒಳಗೆ ಹೋದ. ಅಷ್ಟರಲ್ಲಿ ವ್ಯಾನಿನಲ್ಲಿ ಮಲಗಿದ್ದ ಫುಸಾಕೊ ಇಳಿದು, ಬಾಗಿಲನ್ನು ಸದ್ದಾಗದಂತೆ ಎಳೆದು, ಶೌಚಾಲಯದ ಕಡೆ ನಡೆದಳು. ಬಾಗಿಲು ಬಡಿದರೆ ಅವನಿಗೆ ಸಿಟ್ಟು ಬರುತ್ತಿತ್ತು, ಅದಕ್ಕೇ ಅವಳಿಗೆ ಈ ಅಭ್ಯಾಸ. ಅವನು ಬಂದು ಕೂತು ಬೆರಳು ಚಾಚಿದ. "ಹಿಂಬಾಗಿಲು ಮುಚ್ಚಿದೆ, ಸರಿ!" ವ್ಯಾನು ಹೊರಟಿತು.

ಎರಡು ಘಟ್ಟ, ನಲವತ್ತು ಕಿಲೋಮೀಟರು. ದಾರಿಯುದ್ದಕ್ಕೂ ಮಾತಾಡಿದ. ಭಾವಮೈದುನ ಕೊಂಡ ಹೊಸ ಕಾರು ಬರೀ ಡೌಲು ಅಂದ. ಕೀಳುವವರಿಲ್ಲದೆ ಹಣ್ಣು ಮರದಲ್ಲೇ ಕೊಳೀತಿದೆ, ಕರಡಿ ಬರದೆ ಇನ್ನೇನು ಅಂದ. "ಅಲ್ವಾ?" ಎಂದೂ ಕೇಳಿದ. ಉತ್ತರ ಬರಲಿಲ್ಲ. ಬರಬೇಕೆಂದು ಅವನು ಕಾದೂ ಇರಲಿಲ್ಲ.

ಮುಂದಿನ ತಂಗುದಾಣದಲ್ಲಿ ಯಂತ್ರದಿಂದ ಎರಡು ಡಬ್ಬಿ ಬಿಸಿ ಚಹಾ ತೆಗೆದುಕೊಂಡು ಬಂದು, "ಏ, ಟೀ," ಎಂದು ಪರದೆ ಸರಿಸಿದ. ಮುದುಡಿದ ರಜಾಯಿ, ದಿಂಬು, ದಿಂಬಿನ ಮೇಲೆ ಅವಳ ಫೋನು.

ಎರಡೂ ಕೈಯಲ್ಲಿ ಡಬ್ಬಿ ಸುಡುತ್ತಿದ್ದರೂ ಅವನು ಹಾಗೇ ನಿಂತಿದ್ದ. ಅವಳು ಎಲ್ಲಿ, ಹೇಗಿದ್ದಾಳೆ ಎನ್ನುವುದು ಅವನ ಮೊದಲ ಯೋಚನೆಯಾಗಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ. 'ಹಳೇ ಡಿಪೋದವರಿಗೆ ಗೊತ್ತಾದರೆ?' ಅನ್ನುವುದು ಮೊದಲು ಹೊಳೆಯಿತು. ಜೀವ ಬಾಯಿಗೆ ಬಂದದ್ದು ಆಮೇಲೆ.

ಕುರೊತಾನಿಯ ಪೊಲೀಸ್ ಠಾಣೆಗೆ ಫೋನು ಮಾಡಿದ. ಅಲ್ಲಿದ್ದವನು ಒಬ್ಬನೇ ಪೇದೆ, ದನಿ ಕೇಳಿದರೆ ಎಳೆಯ.

"ಹೇಗೆ ಕಾಣೆಯಾದ್ರು, ಯಜಮಾನ್ರೇ?"

ನಾನೇ ಬಿಟ್ಟುಬಂದೆ ಅನ್ನಲು ನಾಲಿಗೆ ಹೊರಳಲಿಲ್ಲ. "ಅವಳಿಗೆ... ಇತ್ತೀಚೆಗೆ ಸ್ವಲ್ಪ ಮರೆವು. ನಾನು ಆಚೆ ತಿರುಗೋದ್ರೊಳಗೆ ಎಲ್ಲೋ ಹೋಗ್ಬಿಟ್ಟಿದಾಳೆ."

"ಅಯ್ಯೋ! ಗಾಬರಿ ಬೇಡಿ, ಹುಡುಕ್ತೀವಿ. ವಯಸ್ಸು?"

"ಅರವತ್ತೊಂಬತ್ತು." ಎಪ್ಪತ್ತೊಂದಾಗಿತ್ತು.

"ಏನು ಹಾಕ್ಕೊಂಡಿದ್ರು? ಕೂದಲು ಹೇಗಿದೆ?"

ಬೆಳಿಗ್ಗೆ ಎದುರಿಗೆ ಕೂತು ಅನ್ನದ ಉಂಡೆ ಕಟ್ಟಿಕೊಟ್ಟವಳು. ಮಧ್ಯಾಹ್ನ ಒಂದೇ ಮೇಜಿನಲ್ಲಿ ಶಾವಿಗೆ ಉಂಡವಳು. ಶಿಗೆನೊಬು ಕಣ್ಣು ಮುಚ್ಚಿ ನೆನಪು ಕೆದಕಿದ. ತಟ್ಟೆ ನೆನಪಾಯಿತು, ಕೈ ನೆನಪಾಯಿತು, ಮೇಲಿನದು ಖಾಲಿ. "ನೀಲಿ ಸ್ವೆಟರು," ಅಂದುಬಿಟ್ಟ. "ಉದ್ದ ಕೂದಲು, ಹಿಂದಕ್ಕೆ ಕಟ್ಟಿರ್ತಾಳೆ."

ಬಂದ ದಾರಿಯಲ್ಲೇ ವ್ಯಾನು ಓಡಿಸಿಕೊಂಡು ಎರಡನೆಯ ಘಟ್ಟ ಇಳಿಯುವಾಗ ಕಣಿವೆಯ ಕಂಬಕಂಬದ ಧ್ವನಿವರ್ಧಕವೂ ಮಾತಾಡತೊಡಗಿತ್ತು. ಭೂಕಂಪ, ನೆರೆ, ಕರಡಿ ಬಂದಾಗ ಊರಿಗೆಲ್ಲ ಸುದ್ದಿ ಸಾರುವ ಧ್ವನಿವರ್ಧಕ. "ಮರೆವಿನ ತೊಂದರೆಯಿರುವ... ಅರವತ್ತೊಂಬತ್ತು ವರ್ಷದ ಮಹಿಳೆ... ನೀಲಿ ಸ್ವೆಟರು... ಕಂಡವರು ದಯವಿಟ್ಟು ತಿಳಿಸಿ." ಒಂದೊಂದು ಮಾತೂ ಬೆಟ್ಟಕ್ಕೆ ಬಡಿದು ಎರಡೆರಡು ಸಲ ಕೇಳಿಸುತ್ತಿತ್ತು. ಒಂದು ಸಲ ಸುಳ್ಳು ಹೇಳಿದ್ದ, ಬೆಟ್ಟ ಅದನ್ನೇ ಮತ್ತೆ ಮತ್ತೆ ಹೇಳಿತು. ಅವನು ಕಿಟಕಿ ಏರಿಸಿದ.

ಬತ್ತದ ಕಂತೆಗಳನ್ನು ಒಣಗಲು ಅರ್ಧ ನೇತುಹಾಕಿ ಜನ ಗದ್ದೆ ಬಿಟ್ಟು ಬಂದಿದ್ದರು. ಊರಿನ ಬೆಂಕಿ ಆರಿಸುವ ತಂಡದವರು ಸಮವಸ್ತ್ರ ಹಾಕಿಕೊಂಡು ಹೊಳೆಯ ಜೊಂಡು ಸರಿಸಿ ನೋಡುತ್ತಿದ್ದರು. ಎಂಬತ್ತು ದಾಟಿದ ಅಜ್ಜನೊಬ್ಬ ದೇವರ ಗುಡಿಯ ಹಿಂದೆ ಹೋಗಿ "ತಾಯೀ, ತಾಯೀ" ಎಂದು ಕೂಗುತ್ತಿದ್ದ. ಇಷ್ಟು ಜನ, ಇಷ್ಟು ಕೆಲಸ ಬಿಟ್ಟು, ಇಲ್ಲದ ಹೆಂಗಸೊಬ್ಬಳನ್ನು ಹುಡುಕುತ್ತಿದ್ದರು. ನೆಲ ಬಾಯಿಬಿಟ್ಟು ವ್ಯಾನಿನ ಸಮೇತ ನುಂಗಬಾರದೇ ಅನ್ನಿಸಿತು ಅವನಿಗೆ.

ಕಾಲುವೆಯ ಬದಿಯಲ್ಲಿ ರಬ್ಬರು ಬೂಟು ತೊಟ್ಟ ಗಿಡ್ಡ ಕೂದಲಿನ ಹೆಂಗಸೊಬ್ಬಳು ಕೋಲಿನಿಂದ ಹುಲ್ಲು ಕೆದಕುತ್ತಿದ್ದಳು. ಶಿಗೆನೊಬು ಪಕ್ಕದಲ್ಲಿ ನಿಲ್ಲಿಸಿ, ಕಿಟಕಿ ಇಳಿಸಿ, ಅವಳ ಬೆನ್ನಿಗೆ ತಲೆಬಾಗಿ ಕೇಳಿದ. "ಏನಮ್ಮಾ, ಸಿಕ್ಕಿದ್ರಾ?"

ಅವಳು ತಿರುಗಿದಳು. ಫುಸಾಕೊ.

"ಇದೇನ್ರೀ ಇದು, ಪೆಟ್ರೋಲ್ ಹಾಕ್ಸೋಕೆ ಇಷ್ಟು ಹೊತ್ತಾ? ಕಾದು ಕಾದು ಸಾಕಾಯ್ತು. ತಂಗುದಾಣದಲ್ಲಿ ತರಕಾರಿ ಮಾರೋ ಅಕ್ಕ ಟೀ ಕೊಟ್ಟು ಕೂರಿಸ್ಕೊಂಡಿದ್ರು. ಗಾಡಿ ಬದಿಗೆ ಹಾಕಿ ಇಳೀರಿ ಮೊದ್ಲು. ಪಾಪ, ಯಾರೋ ಮರೆವಿನ ಹೆಂಗಸು ಕಾಣೆಯಾಗಿದಾಳಂತೆ. ಅವಳ ಗಂಡನ ಗತಿ ಏನಾಗಿರಬೇಡ!"

ಅವನು ನೋಡಿದ. ಇಟ್ಟಿಗೆ ಬಣ್ಣದ ತೋಳಿಲ್ಲದ ಜಾಕೀಟು. ಕಿವಿಯ ಮೇಲಕ್ಕೆ ಕತ್ತರಿಸಿದ ಬಿಳಿಗೂದಲು. ಯಾವಾಗ ಕತ್ತರಿಸಿಕೊಂಡಳು?

ಅಷ್ಟರಲ್ಲಿ ಪೇದೆಯ ಸ್ಕೂಟರು ಬಂತು. "ಮೊರಿವಾಕಿಯವರಲ್ವಾ? ಧೈರ್ಯವಾಗಿರಿ, ನಿಮ್ಮ ಮನೆಯವರು ಇಲ್ಲೇ ಎಲ್ಲೋ..." ಎಂದವನು ಶಿಗೆನೊಬುವಿನ ಕಣ್ಣು ನೆಟ್ಟ ಕಡೆ ನೋಡಿದ. "ಇವ್ರೇನಾ?"

ಶಿಗೆನೊಬು ತಲೆಯಾಡಿಸಿದ.

ಪೇದೆ ಬಗ್ಗಿ, ಮಗುವನ್ನು ಮಾತಾಡಿಸುವ ಹಾಗೆ ಬಿಡಿಸಿ ಬಿಡಿಸಿ ಕೇಳಿದ. "ಅಮ್ಮಾ, ನಿಮ್ಮ ಹೆಸರು ನೆನಪಿದೆಯಾ?"

ಫುಸಾಕೊ ಪೇದೆಯನ್ನು ನೋಡಿದಳು. ಮೇಲಿನ ಧ್ವನಿವರ್ಧಕ ನೋಡಿದಳು. ಕೊನೆಗೆ ಗಂಡನನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು ಅನ್ನುವುದು ಅವನಿಗೂ ಅರ್ಥವಾಯಿತು. ಕೋಲನ್ನು ಹುಲ್ಲಿನ ಮೇಲಿಟ್ಟು, ಸುತ್ತ ಸೇರುತ್ತಿದ್ದ ಜನಕ್ಕೆಲ್ಲ ನೋಯುವ ಸೊಂಟ ಬಗ್ಗಿಸಿ ನಮಸ್ಕರಿಸಿದಳು.

"ಕ್ಷಮಿಸಿ. ಇತ್ತೀಚೆಗೆ ನಂಗೆ ಯಾವುದೂ ನೆನಪಿರಲ್ಲ. ಎಲ್ರಿಗೂ ತೊಂದ್ರೆ ಕೊಟ್ಟೆ."

ಜನ ನಿಟ್ಟುಸಿರು ಬಿಟ್ಟರು, ಯಾರೋ ಕೈ ಮುಗಿದರು. ಬೆಂಕಿ ಆರಿಸುವ ತಂಡದ ಮುಖಂಡ ಶಿಗೆನೊಬುವಿನ ಭುಜ ತಟ್ಟಿದ. "ನಿಮ್ಮದು ದೊಡ್ಡ ಮನಸ್ಸು, ಯಜಮಾನ್ರೇ. ಇಂಥವರನ್ನ ಕರ್ಕೊಂಡು ಊರೂರು ತೋರಿಸ್ತೀರಲ್ಲ. ನಮ್ಮಪ್ಪನೂ ಹೀಗೇ ಇದ್ರು, ನಂಗೆ ಗೊತ್ತು ಆ ಕಷ್ಟ." ಶಿಗೆನೊಬು ಹೊಗಳಿಕೆಯನ್ನು ತಲೆ ತಗ್ಗಿಸಿ ಸ್ವೀಕರಿಸಿದ. ಸ್ವೀಕರಿಸಿದ ಅನ್ನುವುದೇ ಕೆಟ್ಟದ್ದು. ತರಕಾರಿ ಮಾರುವ ಅಕ್ಕ ಮಾತ್ರ ಇದನ್ನು ನಂಬಿದಂತೆ ಕಾಣಲಿಲ್ಲ. ಫುಸಾಕೊ ಒಂದು ಗಂಟೆ ಅವಳ ಜೊತೆ ಕೂತು ಮೂಲಂಗಿ ಉಪ್ಪಿನಕಾಯಿಯ ಅಳತೆಯನ್ನೆಲ್ಲ ಚಮಚದ ಲೆಕ್ಕದಲ್ಲಿ ಹೇಳಿಕೊಟ್ಟಿದ್ದಳು. ಅಕ್ಕ ಅವನನ್ನೇ ನೋಡುತ್ತಿದ್ದಳು.

ಫುಸಾಕೊ ಬೂಟು ಕಳಚಿ, ಒರೆಸಿ, ಅಕ್ಕನಿಗೆ ಒಪ್ಪಿಸಿ, ವ್ಯಾನು ಹತ್ತಿ ಪರದೆ ಎಳೆದುಕೊಂಡಳು. ಅವನು ಕೂತು ಬೆರಳು ಚಾಚಿದ. "ಬಲಗಡೆ, ಸರಿ. ಎಡಗಡೆ, ಸರಿ. ಹಿಂಬಾಗಿಲು..." ಕೈಗವಸು ಕಿತ್ತು ಸೀಟಿನ ಮೇಲೆ ಎಸೆದು ಇಳಿದ.

ಜನ ಇನ್ನೂ ಚದುರಿರಲಿಲ್ಲ. ಅವನು ಟೋಪಿ ತೆಗೆದು ಮಂಡಿಯೂರಿ, ರಸ್ತೆಯ ಜಲ್ಲಿಗೆ ಹಣೆ ತಾಗಿಸಿದ.

"ಅವಳಿಗೆ ಯಾವ ಮರೆವೂ ಇಲ್ಲ. ನಾನೇ ಅವಳನ್ನ ಬಿಟ್ಟು ಹೊರಟೋದೆ. ನಲವತ್ತು ಕಿಲೋಮೀಟರು ಹೋಗೋವರ್ಗೂ ಗೊತ್ತೇ ಆಗ್ಲಿಲ್ಲ. ಹೇಳೋಕೆ ನಾಚಿಕೆಯಾಗಿ ಸುಳ್ಳು ಹೇಳ್ದೆ."

ಮುಖಂಡನ ಕೈ ಭುಜಕ್ಕೆ ಬರಲಿಲ್ಲ. ಒಬ್ಬೊಬ್ಬರೇ ಬತ್ತದ ಕಂತೆಯ ಕಡೆಗೆ ನಡೆದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪೇದೆ ಮುಖ ಕೆಂಪಗೆ ಮಾಡಿಕೊಂಡು ಟಿಪ್ಪಣಿ ಪುಸ್ತಕ ತೆಗೆದ.

"ಸಿಕ್ಕಿದ್ರು ಅಂತ ಮತ್ತೆ ಸಾರಿಸ್ಬೇಕು. ಈ ಸಲ ಸರಿಯಾಗಿ ಹೇಳಿ."

ಶಿಗೆನೊಬು ವ್ಯಾನಿನ ಹತ್ತಿರ ಹೋಗಿ ಬಾಗಿಲು ತೆರೆದು ಪರದೆ ಸರಿಸಿದ. "ಫುಸಾಕೊ," ಅಂದ. ಎಷ್ಟು ವರ್ಷವಾಗಿತ್ತೋ ಆ ಹೆಸರು ಹಿಡಿದು ಕರೆದು. "ಸ್ವಲ್ಪ ಈ ಕಡೆ ತಿರುಗ್ತೀಯಾ? ನೋಡ್ಕೋಬೇಕು."

ಅವಳು ತಿರುಗಿದಳು. ಅವನು ನೋಡುತ್ತ ನೋಡುತ್ತ ಹೇಳಿದ, ಪೇದೆ ಬರೆದುಕೊಂಡ.

ಸ್ವಲ್ಪ ಹೊತ್ತಿಗೆ ಕಂಬ ಮಾತಾಡಿತು. "ಎಪ್ಪತ್ತೊಂದು ವರ್ಷದ ಮಹಿಳೆ... ಇಟ್ಟಿಗೆ ಬಣ್ಣದ ಜಾಕೀಟು... ಗಿಡ್ಡ ಬಿಳಿಗೂದಲು... ಎಡ ಹುಬ್ಬಿನಲ್ಲಿ ಹಳೆಯ ಗಾಯದ ಗುರುತು... ಕ್ಷೇಮವಾಗಿದ್ದಾರೆ. ಅವರು ಎಲ್ಲಿಗೂ ಹೋಗಿರಲಿಲ್ಲ."

ಬೆಟ್ಟ ಅದನ್ನೂ ಎರಡೆರಡು ಸಲ ಹೇಳಿ ಮುಗಿಸುವವರೆಗೆ ಫುಸಾಕೊ ಕಿವಿಗೊಟ್ಟು ಕೇಳಿದಳು. ಆಮೇಲೆ ಇಳಿದು ಬಂದು, ಬಾಗಿಲನ್ನು ಧಡಾರನೆ ಬಡಿದು, ಸೀಟಿನ ಮೇಲಿದ್ದ ಕೈಗವಸು ತೆಗೆದು ಅವನ ಕೈಗೆ ಕೊಟ್ಟು ಮುಂದೆ ಕೂತಳು.

"ಈ ಸಲ ಹೇಳಿದ್ದು ನನ್ನ ಬಗ್ಗೆ ಅಂತ ಗೊತ್ತಾಯ್ತು," ಅಂದಳು.