ನೀರ, ಒಳಗ, ಅಥರ್ವ

ಕೋವಿಡ್ ಕಾಲ ಮುಗಿದು ಶಾಲೆಗಳೆಲ್ಲ ಪೂರ್ತಿಯಾಗಿ ತೆರೆದ ಮರುವರ್ಷದ ಮಾತು. ನಾನಾಗ ಪುಣೆಯ ದಕ್ಷಿಣ ತುದಿಯಲ್ಲಿ, ಕಾತ್ರಜದ ಹೆದ್ದಾರಿಗೆ ಹತ್ತಿರವಿದ್ದ ಒಂದು ವಿಶೇಷ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಆಟಿಸಂ, ಡೌನ್ ಸಿಂಡ್ರೋಮ್‌ನಂಥ ಕಾರಣಗಳಿಂದ ಸಾಮಾನ್ಯ ತರಗತಿಯಲ್ಲಿ ಕಲಿಯುವುದು ಕಷ್ಟವಾಗುವ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ನನ್ನ ತರಗತಿಯ ಹೆಚ್ಚಿನ ಮಕ್ಕಳಿಗೆ ಬಾಯಿಮಾತು ಇರಲಿಲ್ಲ. ಧಾರವಾಡದಿಂದ ಮದುವೆಯಾಗಿ ಬಂದ ನಾನು ನೌಕರಿಯನ್ನೆಲ್ಲ ಮರಾಠಿಯಲ್ಲೇ ಮಾಡಿದವಳು. ಈ ವೃತ್ತಿಯಲ್ಲಿ ಹೆದರಿಕೆ ಹೊಸದಲ್ಲ. ಮಗುವೊಂದಕ್ಕೆ ಫಿಟ್ಸ್ ಬಂದಾಗ, ಇನ್ನೊಂದು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವಾಗ ಹೆದರಿದ್ದೇನೆ. ಆದರೆ ಆ ಬೇಸಿಗೆಯ ಒಂದು ಮಧ್ಯಾಹ್ನ ಹುಟ್ಟಿದ ಹೆದರಿಕೆ ಈಗಲೂ ನೆಲದಲ್ಲಿ ಕಬ್ಬಿಣದ ಮುಚ್ಚಳ ಕಂಡರೆ ಸಾಕು, ಮರಳಿ ಬರುತ್ತದೆ.

ಆ ವರ್ಷ ನಮ್ಮ ಶಾಲೆಗೆ ದಾನಿಗಳೊಬ್ಬರಿಂದ ಕೆಲವು ಟ್ಯಾಬ್‌ಗಳು ಬಂದಿದ್ದವು. ಅವುಗಳಲ್ಲಿ ಮಾತು ಬಾರದ ಮಕ್ಕಳಿಗೆಂದೇ ಮಾಡಿದ ಒಂದು ಆ್ಯಪ್ ಇತ್ತು. ಪರದೆಯ ಮೇಲೆ ಚೌಕ ಚೌಕವಾಗಿ ಚಿತ್ರಗಳಿರುತ್ತವೆ. ಲೋಟದ ಚಿತ್ರ ಒತ್ತಿದರೆ ಟ್ಯಾಬ್ 'ನೀರು' ಎನ್ನುತ್ತದೆ. ಎರಡು ಮೂರು ಚಿತ್ರಗಳನ್ನು ಒಂದಾದ ಮೇಲೊಂದು ಒತ್ತಿದರೆ ಅದೇ ಒಂದು ವಾಕ್ಯ. ಮನೆಯವರ, ಸಹಪಾಠಿಗಳ ಫೋಟೊಗಳನ್ನೂ ಅದರಲ್ಲಿ ಹಾಕಬಹುದು. ಧ್ವನಿಯನ್ನು ನಾವೇ ರೆಕಾರ್ಡ್ ಮಾಡಿಕೊಳ್ಳಬಹುದು.

ಗಾಯತ್ರಿ ಎಂಬ ಒಂಬತ್ತು ವರ್ಷದ ಹುಡುಗಿಗೆ ನಾನು ಮೊದಲು ಮರಾಠಿ ಧ್ವನಿಯನ್ನೇ ಹಾಕಿಕೊಟ್ಟೆ. ಅವಳು ಟ್ಯಾಬನ್ನು ಮುಟ್ಟಲೂ ಇಲ್ಲ. ಅವಳ ತಾಯಿ ಶೋಭಾ ಬೆಳಗಾವಿ ಕಡೆಯವರು, ಮಗರಪಟ್ಟಾದ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದರು. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಒಂದು ಶನಿವಾರ ಅವರನ್ನು ಕರೆಸಿ, ಪದಗಳನ್ನು ಅವರಿಂದಲೇ ಹೇಳಿಸಿ ರೆಕಾರ್ಡ್ ಮಾಡಿದೆ. "ಪುಸ್ತಕದಾಗಿನ್ಹಂಗ ಹೇಳ್ಲ್ಯೋ, ಮನ್ಯಾಗ ಹೇಳ್ದಂಗ ಹೇಳ್ಲ್ಯೋ ಟೀಚರ್?" ಎಂದು ಅವರು ಕೇಳಿದರು. ಮನೆಯಲ್ಲಿ ಹೇಳಿದ ಹಾಗೆಯೇ ಹೇಳಿರಿ ಎಂದೆ. ಹೀಗೆ ಗಾಯತ್ರಿಯ ಟ್ಯಾಬ್ 'ನೀರ', 'ಊಟ', 'ಬಾ', 'ಒಲ್ಲೆ' ಎಂದು ಬೆಳಗಾವಿಯ ಕನ್ನಡದಲ್ಲಿ, ತಾಯಿಯ ನಗು ತುಂಬಿದ ಧ್ವನಿಯಲ್ಲಿ ಮಾತಾಡತೊಡಗಿತು. ಅದನ್ನು ಮೊದಲ ಸಲ ಕೇಳಿದಾಗ ಗಾಯತ್ರಿ ಟ್ಯಾಬನ್ನು ತಿರುಗಿಸಿ ಹಿಂಬದಿಯಲ್ಲಿ ಅಮ್ಮನಿದ್ದಾಳೆಯೇ ಎಂದು ನೋಡಿದ್ದಳು. ಆಮೇಲೆ ಅದನ್ನು ಕೈಬಿಡಲಿಲ್ಲ.

ನಮ್ಮ ಮುಖ್ಯೋಪಾಧ್ಯಾಯಿನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಮರಾಠಿ ಶಾಲೆಯಲ್ಲಿ ಒಂದು ಮಗುವಿನ ಟ್ಯಾಬ್ ಮಾತ್ರ ಕನ್ನಡ ಮಾತಾಡಿದರೆ ಉಳಿದವರಿಗೆ ತಿಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಅದು ತಪ್ಪಾದ ಪ್ರಶ್ನೆಯೇನಲ್ಲ. ಅವರದು ಇನ್ನೊಂದು ನಿಯಮವೂ ಇತ್ತು: ಪಾಠ ಮುಗಿದ ಕೂಡಲೇ ಟ್ಯಾಬ್‌ಗಳೆಲ್ಲ ಕಪಾಟು ಸೇರಬೇಕು, ಬೀಗ ಬೀಳಬೇಕು. ಒಡೆದರೆ ಮತ್ತೆ ಕೊಡುವವರಿಲ್ಲ ಎಂಬ ಭಯ ಅವರಿಗೆ.

ಆ ವಾರ ನಾನು 'ಒಳಗೆ', 'ಹೊರಗೆ' ಎಂಬ ಪದಗಳನ್ನು ಕಲಿಸುತ್ತಿದ್ದೆ. ಇವು ಕಷ್ಟದ ಪದಗಳು. ಲೋಟವನ್ನು ತೋರಿಸಬಹುದು, 'ಒಳಗೆ' ಎಂಬುದನ್ನು ಬೊಟ್ಟು ಮಾಡಿ ತೋರಿಸಲಾಗದು. ಸ್ಟೀಲಿನ ಡಬ್ಬಿಯಲ್ಲಿ ಚೆಂಡು ಹಾಕುವುದು, ತೆಗೆಯುವುದು, ಪ್ರತಿ ಸಲವೂ ಟ್ಯಾಬಿನ ಚಿತ್ರ ಒತ್ತುವುದು. ಗಾಯತ್ರಿ ಚೆಂಡನ್ನು ಸರಿಯಾಗಿ ಹಾಕುತ್ತಿದ್ದಳು, ಆದರೆ ನಾನು ಬೆರಳು ಹಿಡಿದು ಒತ್ತಿಸದ ಹೊರತು 'ಒಳಗ' ಚೌಕವನ್ನು ತಾನಾಗಿ ಒತ್ತಿರಲಿಲ್ಲ.

ಬೇಸಿಗೆಯಾದ್ದರಿಂದ ನಳದ ನೀರು ಸಾಲುತ್ತಿರಲಿಲ್ಲ. ಶಾಲೆಯ ಹಿತ್ತಲಿನಲ್ಲಿ ನೆಲದಡಿಯ ಟಾಕಿಯಿತ್ತು, ಅಂದರೆ ನೀರಿನ ತೊಟ್ಟಿ. ಅದಕ್ಕೆ ಟ್ಯಾಂಕರ್‌ನವರು ಬಂದು ನೀರು ತುಂಬಿಸಿ ಹೋಗುತ್ತಿದ್ದರು. ಯಾವಾಗಲೂ ಬೆಳಿಗ್ಗೆ ಬರುವ ಟ್ಯಾಂಕರ್ ಆ ದಿನ ಮಧ್ಯಾಹ್ನ, ಮಕ್ಕಳು ಮನೆಗೆ ಹೊರಡುವ ಹೊತ್ತಿಗೇ ಬಂತು. ವ್ಯಾನುಗಳಿಗಾಗಿ ದೊಡ್ಡ ಗೇಟು ತೆರೆದಿತ್ತು. ವರಾಂಡದಲ್ಲಿ ಮಕ್ಕಳು ಚೀಲ ಹಾಕಿಕೊಂಡು ಕುಳಿತಿದ್ದರು. ನಮ್ಮ ಆಯಾ, ಎಲ್ಲರೂ ಮಾವಶಿ ಎಂದು ಕರೆಯುತ್ತಿದ್ದವರು, ಒಬ್ಬೊಬ್ಬರಿಗೇ ಬೂಟು ಹಾಕುತ್ತಿದ್ದರು. ನಾನು ಆಫೀಸಿನಲ್ಲಿ ಒಬ್ಬ ಪಾಲಕರೊಡನೆ ಮಾತಾಡುತ್ತಿದ್ದೆ. ಟ್ಯಾಂಕರ್ ನೀರು ಸುರಿದು ಹೊರಟುಹೋಯಿತು.

ಆಮೇಲೆ ವ್ಯಾನಿನ ಡ್ರೈವರ್ ಬಂದು ಬಾಗಿಲಲ್ಲಿ ನಿಂತು ಕೇಳಿದ, "ಅಥರ್ವ ಕುಠೇ ಆಹೇ?" ಅಥರ್ವ ಎಲ್ಲಿ?

ಅಥರ್ವನಿಗೆ ಆರು ವರ್ಷ. ಮಾತಿಲ್ಲ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುವುದೂ ಇಲ್ಲ. ಓಡುವುದೆಂದರೆ ಅವನಿಗೆ ಪ್ರಾಣ. ಅವನ ಚೀಲ ವರಾಂಡದಲ್ಲೇ ಇತ್ತು, ಅವನಿರಲಿಲ್ಲ. ಸಂಡಾಸು ನೋಡಿದೆವು, ಆಟದ ಕೋಣೆ ನೋಡಿದೆವು, ಬೆಂಚುಗಳ ಕೆಳಗೆ ಬಗ್ಗಿ ನೋಡಿದೆವು. ಎಲ್ಲರ ಕಣ್ಣೂ ಒಟ್ಟಿಗೇ ತೆರೆದ ಗೇಟಿನ ಕಡೆ ಹೊರಳಿತು. ಗೇಟಿನಾಚೆ ಒಂದು ಸಣ್ಣ ರಸ್ತೆ, ಅದರ ಕೊನೆಗೆ ಸಾತಾರೆಯ ಕಡೆ ಹೋಗುವ ಹೆದ್ದಾರಿ. ಲಾರಿಗಳು, ದೂರದೂರಿನ ಬಸ್ಸುಗಳು ಇಳಿಜಾರಿನಲ್ಲಿ ಬರುವ ಸದ್ದು ನಮ್ಮ ತರಗತಿಗೂ ಕೇಳುತ್ತಿತ್ತು.

ಮುಖ್ಯೋಪಾಧ್ಯಾಯಿನಿ, ವಾಚ್‌ಮನ್, ಡ್ರೈವರ್, ನಾನು, ಎಲ್ಲರೂ ರಸ್ತೆಗೆ ಓಡಿದೆವು. ಹೆದ್ದಾರಿಯ ಅಂಚಿನಲ್ಲಿ ನಿಂತು ಎರಡೂ ಕಡೆ ನೋಡಿದೆ. ಡಾಂಬರಿನ ಮೇಲೆ ಕಂಡ ಪ್ರತಿ ಚಿಂದಿಯೂ ಒಂದು ಕ್ಷಣ ನೀಲಿ ಯೂನಿಫಾರ್ಮಿನಂತೆ ಕಾಣುತ್ತಿತ್ತು. ಕೂಗಿ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಕೂಗಿದೆ. ಚಹಾ ಅಂಗಡಿಯವನನ್ನು ಕೇಳಿದೆ. ಅವನು, "ಹುಡುಗ ನೋಡಲು ಹೇಗಿದ್ದಾನೆ, ಫೋಟೊ ಇದೆಯೇ?" ಎಂದ. ನನ್ನ ಫೋನಿನಲ್ಲಿರಲಿಲ್ಲ. ಆಗ ನೆನಪಾಯಿತು, ಗಾಯತ್ರಿಯ ಟ್ಯಾಬಿನಲ್ಲಿ ಎಲ್ಲ ಸಹಪಾಠಿಗಳ ಫೋಟೊಗಳಿವೆ. ನಾನು ಶಾಲೆಗೆ ಹಿಂದಿರುಗಿ ಓಡಿದೆ.

ವರಾಂಡದಲ್ಲಿ ಉಳಿದ ಮಕ್ಕಳನ್ನು ಮಾವಶಿ ಒಬ್ಬರೇ ಕಾಯುತ್ತಿದ್ದರು. ಕೆಲವರು ಅಳುತ್ತಿದ್ದರು. ಆ ಗದ್ದಲದ ನಡುವೆ ಒಂದು ಧ್ವನಿ ಮಾತ್ರ ನಗುನಗುತ್ತಾ ಹೇಳುತ್ತಿತ್ತು: "ನೀರ. ನೀರ. ನೀರ."

ಗಾಯತ್ರಿ ತರಗತಿಯೊಳಗೆ, ಹಿತ್ತಲು ಕಾಣುವ ಹಿಂದಿನ ಕಿಟಕಿಯ ಪಕ್ಕದಲ್ಲಿ ನಿಂತಿದ್ದಳು. ಟ್ಯಾಬ್ ಎದೆಗೊತ್ತಿಕೊಂಡಿದ್ದಳು. ಕಪಾಟಿಗಿಡಲು ಮಾವಶಿ ಕೇಳಿದಾಗ ಕಿರುಚಿ ಕೊಡದೇ ಉಳಿಸಿಕೊಂಡಿದ್ದಳಂತೆ. ಮಕ್ಕಳನ್ನು ಹೊರಡಿಸುವ ಗಡಿಬಿಡಿಯಲ್ಲಿ ಮಾವಶಿ ಹೋಗಲಿ ಎಂದು ಬಿಟ್ಟಿದ್ದರು. ಅವಳ ಕಾಲಬಳಿ ನೆಲವೆಲ್ಲ ಒದ್ದೆ, ನೀರಿನ ಬಾಟಲಿ ಉರುಳಿ ಬಿದ್ದಿತ್ತು.

"ಆಗಿನಿಂದ ನೀರು ನೀರು ಅಂತಿದ್ದಾಳೆ ಟೀಚರ್," ಮಾವಶಿ ಮರಾಠಿಯಲ್ಲಿ ಅಳುದನಿಯಲ್ಲಿ ಹೇಳಿದರು. "ಕೊಟ್ಟರೆ ಎಸೆಯುತ್ತಾಳೆ. ಇವಳಿಗೆ ಇವತ್ತೇನಾಗಿದೆ?"

ತಿಂಗಳುಗಟ್ಟಲೆ ಕೇಳಿ ಕೇಳಿ 'ನೀರ' ಎಂದರೆ ಪಾಣಿ ಎಂದು ಮಾವಶಿಗೂ ತಿಳಿದಿತ್ತು. ಅದನ್ನು ಕೇಳಿದ ಕೂಡಲೇ ಬಾಟಲಿ ಕೊಟ್ಟು, ನಂತರದ ಪದಕ್ಕೆ ಕಾಯದೆ ಅಳುವ ಮಕ್ಕಳ ಕಡೆ ತಿರುಗಿದ್ದರು.

ನಾನು ಫೋಟೊಗಾಗಿ ಟ್ಯಾಬಿಗೆ ಕೈ ಚಾಚಿದೆ. ಗಾಯತ್ರಿ ಅದನ್ನು ಹಿಂದಕ್ಕೆಳೆದುಕೊಂಡಳು. ನನ್ನ ಮುಖ ನೋಡಲಿಲ್ಲ, ಅವಳು ಯಾರ ಮುಖವನ್ನೂ ನೋಡುವವಳಲ್ಲ. ಬೆರಳು ಪರದೆಯ ಮೇಲೆ ಹೋಯಿತು.

"ನೀರ," ಎಂದಿತು ಟ್ಯಾಬ್, ಶೋಭಾ ಅವರ ಧ್ವನಿಯಲ್ಲಿ. "ಒಳಗ."

ಅವಳು ಪುಟ ಬದಲಿಸಿ ಒಂದು ಫೋಟೊ ಒತ್ತಿದಳು.

"ಅಥರ್ವ."

ನನಗೆ ಒಮ್ಮೆಲೇ ಅರ್ಥವಾಯಿತು ಎಂದರೆ ಸುಳ್ಳಾಗುತ್ತದೆ. ಆ ಮೂರು ಪದಗಳನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಜೋಡಿಸಿಕೊಂಡೆ. "ಎಲ್ಲೆ ಗಾಯತ್ರಿ? ತೋರ್ಸವಾ ನಂಗ," ಎಂದು ನನ್ನ ಬಾಯಿಂದ ಧಾರವಾಡದ ಮಾತು ತಾನಾಗಿ ಬಂತು. ಅವಳು ನನ್ನ ಓಢಣಿಯ ತುದಿ ಹಿಡಿದು ಹಿತ್ತಲಿನ ಬಾಗಿಲ ಕಡೆ ನಡೆದಳು. ಓಡಲಿಲ್ಲ, ನಡೆದಳು. ನಾನು ಅವಳನ್ನು ದಾಟಿ ಓಡಿದೆ.

ಟಾಕಿಯ ಮುಚ್ಚಳ ಪೂರ್ತಿ ಮುಚ್ಚಿರಲಿಲ್ಲ. ಪೈಪು ತೆಗೆದ ಮೇಲೆ ಅರ್ಧಕ್ಕೆ ಎಳೆದು ಬಿಟ್ಟಿದ್ದರು. ಆ ಸಂದು ಒಬ್ಬ ದೊಡ್ಡವರಿಗೆ ಸಾಲದು. ಆರು ವರ್ಷದ ತೆಳ್ಳನೆಯ ಮೈಗೆ ಧಾರಾಳ. ಅದರ ಪಕ್ಕ ಒಂದು ಸಣ್ಣ ಬೂಟು ಬಿದ್ದಿತ್ತು.

ಬಗ್ಗಿ ನೋಡಬೇಕಿತ್ತು. ನೋಡಿದರೆ ಏನು ಕಾಣುವುದೋ ಎಂಬ ಭಯಕ್ಕೆ ಮೈ ಬಗ್ಗಲೊಲ್ಲದು. ಹೇಗೋ ಮಂಡಿಯೂರಿ, ಮುಚ್ಚಳ ಸರಿಸಿ, ಫೋನಿನ ಬೆಳಕು ಬಿಟ್ಟೆ.

ಅವನು ಬದುಕಿದ್ದ. ಗೋಡೆಗೆ ಹುಗಿದ ಕಬ್ಬಿಣದ ಮೆಟ್ಟಿಲುಗಳನ್ನು ಹಿಡಿದು ತಾನಾಗಿಯೇ ಇಳಿದಿದ್ದ. ಎದೆಮಟ್ಟದ ನೀರಿನಲ್ಲಿ, ಒಂದು ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಿಂದ ನೀರನ್ನು ಮೆಲ್ಲಗೆ ಬಡಿಯುತ್ತಿದ್ದ. ತುಟಿ ನೀಲಿಗಟ್ಟಿತ್ತು, ದವಡೆ ನಡುಗುತ್ತಿತ್ತು. ಕಂಬಿ ಹಿಡಿದ ಬೆರಳುಗಳು ಜಾರುತ್ತಾ, ಮತ್ತೆ ಹಿಡಿಯುತ್ತಾ ಇದ್ದವು. ಅವನ ಕಾಲ ಕೆಳಗೆ ನೀರು ಎಷ್ಟು ಆಳವಿತ್ತೋ, ಬೆಳಕು ಅಲ್ಲಿಗೆ ಮುಟ್ಟಲಿಲ್ಲ.

ನಾನು ನೆಲಕ್ಕೆ ಮಲಗಿ ಕೈ ಇಳಿಬಿಟ್ಟೆ. ಎಟುಕಲಿಲ್ಲ. ಮೆಟ್ಟಿಲಿಳಿಯೋಣವೆಂದರೆ ಅವನ ಕೈಮೇಲೆಯೇ ಕಾಲಿಡಬೇಕು. ಕೂಗಿದರೆ ಬೆಚ್ಚಿ ಕೈಬಿಟ್ಟಾನು. ಗಂಡಸರೆಲ್ಲ ಹೆದ್ದಾರಿಯಲ್ಲಿದ್ದರು, ಅವರು ಬರುವ ತನಕ ಆ ಬೆರಳುಗಳು ತಡೆಯುವಂತಿರಲಿಲ್ಲ. ಹಿಂದೆಯೇ ಬಂದ ಮಾವಶಿ ಒಳಗೆ ಇಣುಕಿ ಚೀರಲು ಬಾಯಿ ತೆರೆದರು. ನಾನು ಅವರ ಬಾಯಿಗೆ ಕೈಯಿಟ್ಟು, ಪಿಸುದನಿಯಲ್ಲಿ, "ಕಪಾಟಿಂದ ಅಥರ್ವನ ಟ್ಯಾಬ್ ತನ್ನಿ. ಗುಳ್ಳೆ ಆಟ ಹಚ್ಚಿ ತನ್ನಿ," ಎಂದೆ.

ಅಥರ್ವ ಮನುಷ್ಯರ ದನಿಗೆ ತಿರುಗುತ್ತಿರಲಿಲ್ಲ. ಆದರೆ ಒಂದು ಆ್ಯಪ್ ಇತ್ತು: ಪರದೆಯ ತುಂಬ ಬಣ್ಣದ ಗುಳ್ಳೆಗಳು ಏಳುತ್ತವೆ, ಬೆರಳು ತಾಗಿಸಿದರೆ ಟಪ್ ಎಂದು ಒಡೆಯುತ್ತವೆ. ಕೈ ಮತ್ತು ಕಣ್ಣಿನ ಹೊಂದಾಣಿಕೆಗೆಂದು ಕೊಡುವ ಸಾಧಾರಣ ಆಟ. ಆ ಸದ್ದು ಕೇಳಿದರೆ ಅವನು ಊಟದ ತಟ್ಟೆ ಬಿಟ್ಟು ಬರುತ್ತಿದ್ದ.

ಕಪಾಟಿನ ಬೀಗದ ಕೈ ತಮ್ಮ ಬಳಿಯೇ ಇದ್ದುದರಿಂದ ಮಾವಶಿ ಬೇಗನೆ ತಂದುಕೊಟ್ಟರು. ಅವರು ನನ್ನ ಕಾಲುಗಳ ಮೇಲೆ ಭಾರ ಹಾಕಿ ಕುಳಿತರು, ನಾನು ಸೊಂಟದವರೆಗೆ ಟಾಕಿಯೊಳಗೆ ಜೋತುಬಿದ್ದೆ. ಒಂದು ಕೈಯಲ್ಲಿ ಟ್ಯಾಬ್ ಹಿಡಿದು ಹೆಬ್ಬೆರಳಿನಿಂದ ಗುಳ್ಳೆ ಒಡೆದೆ. ಟಪ್. ಟಾಕಿಯೊಳಗೆ ಅದು ದೊಡ್ಡದಾಗಿ ಕೇಳಿಸಿತು. ಟಪ್.

ಅಥರ್ವ ತಲೆಯೆತ್ತಿದ. ಬಣ್ಣದ ಬೆಳಕು ಅವನ ಮುಖದ ಮೇಲೆ ಬಿತ್ತು. ನೀರು ಬಡಿಯುವ ಕೈ ನಿಂತಿತು. ಒಂದು ಮೆಟ್ಟಿಲು ಹತ್ತಿದ. ಹತ್ತುವಾಗ ಕಾಲು ಜಾರಿ ಗದ್ದದವರೆಗೆ ಮುಳುಗಿ, ಮತ್ತೆ ಕಂಬಿಗೆ ತೂಗಿಬಿದ್ದ. ನಾನು ಹೆಬ್ಬೆರಳನ್ನು ನಿಲ್ಲಿಸಲಿಲ್ಲ. ಟಪ್. ಅವನು ಮತ್ತೆ ಹತ್ತಿದ. ನನಗೆ ಗೊತ್ತಿತ್ತು, ಹತ್ತಿರ ಬಂದ ಕೂಡಲೇ ಗುಳ್ಳೆ ಒಡೆಯಲು ಅವನು ಕಂಬಿ ಬಿಡುತ್ತಾನೆ. ಆ ಒಂದು ಕ್ಷಣದಲ್ಲಿ ನನ್ನ ಇನ್ನೊಂದು ಕೈ ತಪ್ಪಬಾರದು.

ಬಿಟ್ಟ. ನಾನು ಮಣಿಕಟ್ಟು ಹಿಡಿದೆ. ಒದ್ದೆ ಕೈ, ಜಾರಿತು. ಟ್ಯಾಬ್ ಕೈಬಿಟ್ಟು ಎರಡೂ ಕೈಯಲ್ಲಿ ಹಿಡಿದೆ. ಟ್ಯಾಬ್ ನೀರಿಗೆ ಬಿದ್ದ ಸದ್ದಿಗೆ, ಬಿದ್ದದ್ದು ಮಗುವೇ ಎಂದು ಮೇಲೆ ಮಾವಶಿ ಚೀರಿದರು. ಅಷ್ಟರಲ್ಲಿ ಗೇಟಿನ ಕಡೆಯಿಂದ ವಾಚ್‌ಮನ್ ಓಡಿ ಬಂದು ನನ್ನ ಸೊಂಟ ಹಿಡಿದು ಎಳೆದ. ನಾವಿಬ್ಬರೂ ಅಂಗಳದ ಕಲ್ಲಿನ ಮೇಲೆ ಬಂದು ಬಿದ್ದೆವು. ಅಥರ್ವ ಕಳೆದುಹೋದ ಗುಳ್ಳೆಗಾಗಿ ಅಳತೊಡಗಿದ. ಅಷ್ಟು ಚೆಂದದ ಅಳು ನಾನು ಕೇಳಿಲ್ಲ.

ಡಾಕ್ಟರ್ ನೋಡಿದರು, ಥಂಡಿ ಬಿಟ್ಟರೆ ಏನೂ ಆಗಿಲ್ಲ ಎಂದರು. ಅವನ ತಾಯಿ ಬಂದು, ಯಾರನ್ನೂ ಬೈಯದೆ, ಮಗನನ್ನು ಎತ್ತಿಕೊಂಡು ಮನೆಗೆ ಹೋದರು. ಟಾಕಿಗೆ ಅದೇ ದಿನ ಬೀಗ ಬಿತ್ತು. ಮಕ್ಕಳು ಆವರಣದಲ್ಲಿರುವಾಗ ಟ್ಯಾಂಕರ್ ಒಳಗೆ ಬರಕೂಡದೆಂದಾಯಿತು.

ಶೋಭಾ ಆಫೀಸಿನಿಂದ ಓಡಿ ಬಂದಿದ್ದರು. ನಡೆದದ್ದನ್ನೆಲ್ಲ ಹೇಳಿ, "ನಿಮ್ಮ ಧ್ವನಿ ಆ ಹುಡುಗನ್ನ ಉಳಿಸ್ತು ನೋಡ್ರಿ," ಎಂದೆ. ಅವರು ಮಗಳ ಹತ್ತಿರ ನೆಲದ ಮೇಲೆ ಕುಳಿತಿದ್ದರು. ತಲೆಯಾಡಿಸಿ, "ಧ್ವನಿ ನಂದಿರಬಹುದ್ರಿ ಟೀಚರ್, ಮಾತು ಆಕೀದು," ಎಂದರು. "ಒಂಬತ್ತು ವರ್ಷ ಆತು, ಆಕಿ ಏನರ ಬೇಕಂತ ಕೇಳ್ಯಾಳ, ಒಲ್ಲೆ ಅಂದಾಳ. ಹಿಂಗ ಆಗೇದ ಅಂತ ಒಂದು ಸುದ್ದಿ ಹೇಳಿದ್ದು ಇವತ್ತೇ ಮೊದಲು."

ಮುಖ್ಯೋಪಾಧ್ಯಾಯಿನಿ ಶೋಭಾ ಹೇಳಿದ್ದರ ಅರ್ಥವೇನೆಂದು ನನ್ನನ್ನು ಕೇಳಿದರು. ಹೇಳಿದೆ. ಅವರು ಎದ್ದುಹೋಗಿ ಕಪಾಟಿನಲ್ಲಿದ್ದ ಟ್ಯಾಬ್‌ಗಳನ್ನೆಲ್ಲ ತೆಗೆದು, ಮಾತಿಗಾಗಿ ಅವನ್ನು ಬಳಸುತ್ತಿದ್ದ ಮಕ್ಕಳ ಚೀಲಗಳಿಗೆ ಸೇರಿಸಿದರು. ಮರುದಿನ ನನ್ನಿಂದ ಕನ್ನಡದ ಕೆಲವು ಪದಗಳನ್ನು ಹೇಳಿಸಿಕೊಂಡು, ಮಾವಶಿಯನ್ನೂ ಕೂರಿಸಿಕೊಂಡು ಕಲಿತರು.

ಆ ರಾತ್ರಿಯಿಂದ ಎಷ್ಟೋ ದಿನ ನನಗೆ ನಿದ್ದೆಯಲ್ಲಿ ಟಾಕಿ ಕಾಣುತ್ತಿರಲಿಲ್ಲ, ಕಪಾಟು ಕಾಣುತ್ತಿತ್ತು. ಗಾಯತ್ರಿ ಟ್ಯಾಬ್ ಕೊಟ್ಟುಬಿಟ್ಟಿದ್ದರೆ? ಕಂಡದ್ದನ್ನು ಹೇಳಲು ಬಾರದೆ ಅವಳು ಕಿಟಕಿಯ ಬಳಿ ನಿಂತೇ ಇರುತ್ತಿದ್ದಳು, ನಾವು ಹೆದ್ದಾರಿಯಲ್ಲಿ ಹುಡುಕುತ್ತಲೇ ಇರುತ್ತಿದ್ದೆವು. ಯಾವ ಮಗುವಿಗೂ 'ಪಾಠ ಮುಗಿಯಿತು, ಇನ್ನು ನಿನ್ನ ನಾಲಗೆ ಕೊಡು' ಎಂದು ನಾವು ಹೇಳುವುದಿಲ್ಲವಲ್ಲ. ಟ್ಯಾಬ್ ಹಾಳಾಗುವ ಭಯ ನಮಗಿತ್ತು. ಯಾವುದಕ್ಕೆ ಹೆದರಬೇಕಿತ್ತು ಎಂಬುದು ಆ ದಿನ ತಿಳಿಯಿತು. ಈಗ ಹೊಸ ಶಿಕ್ಷಕಿಯರಿಗೆ ತರಬೇತಿ ಕೊಡಲು ಹೋದಾಗ ಆ್ಯಪ್‌ನ ಹೆಸರು, ಸೌಲಭ್ಯ ಇತ್ಯಾದಿಗಳನ್ನು ಆಮೇಲೆ ಹೇಳುತ್ತೇನೆ. ಮೊದಲು ಹೇಳುವುದು ಇಷ್ಟೇ: ಮಗು ಒಂದು ಪದ ಒತ್ತಿದ ಕೂಡಲೇ ಬೇಕಾದದ್ದು ಕೊಟ್ಟು ಮುಗಿಸಬೇಡಿ. ಅದರ ಪಕ್ಕ ಕುಳಿತು, ಮುಂದಿನ ಪದಕ್ಕಾಗಿ ಕಾಯಿರಿ.