ಅತ್ತೆಯ ದಾಖಲೆ ಮುರಿದ ದಿನ

ಅಪ್ಪನ ತಂಗಿ, ನಮ್ಮ ಅತ್ತೆ, ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದಳು ಎಂದರೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಈಗಲೂ ನಗುತ್ತಾರೆ. ಮಗ್ಗದ ಮುಂದೆ ಕೂತು ಕೂತು ಸೊಂಟ ಹಿಡಿದ ಈ ಹೆಂಗಸೇ? ನಗಲಿ ಬಿಡಿ. ಅಂತರ ಕಾಲೇಜು ಪಂದ್ಯಾವಳಿಯಲ್ಲಿ, ಒಂದೇ ಪಂದ್ಯದಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ದಾಖಲೆ ಅವಳದು. ಎಷ್ಟೋ ತಂಡಗಳು ಬಂದು ಹೋದವು, ಅದನ್ನು ಯಾರೂ ಮುಟ್ಟಲಿಲ್ಲ. ಆದರೆ ಆ ಪಂದ್ಯದ ಬೆನ್ನಿಗೇ ಗಂಡಿನ ಕಡೆಯವರು ಬಂದು, ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದರು. ಮದುವೆ ಗಟ್ಟಿಯಾಯಿತು. ಆಮೇಲೆ ಅವಳು ಚೆಂಡು ಹಿಡಿಯಲಿಲ್ಲ.

ಕಳೆದ ಚಳಿಗಾಲದಲ್ಲಿ ಸುದ್ದಿ ಬಂತು: ರಾಮಥಾಳದ ಕಡೆಯ ಕುರಿಗಾರರ ಮನೆಯ ಹುಡುಗಿಯೊಬ್ಬಳು ಆ ದಾಖಲೆಯ ಹತ್ತಿರ ಹತ್ತಿರ ಬರುತ್ತಿದ್ದಾಳೆ, ಬಾದಾಮಿಯಲ್ಲಿ ಫೈನಲ್. ಅತ್ತೆ ಹೊರಟು ನಿಂತಳು. ನನಗೆ ಮೈ ಉರಿಯಿತು. ತನ್ನದು ಅಂತ ಅವಳಿಗಿದ್ದದ್ದು ಅದೊಂದೇ. ಅದು ಕೈಬಿಟ್ಟು ಹೋಗುವುದನ್ನು ಬಸ್ಸು ಹತ್ತಿ ಹೋಗಿ ನೋಡಬೇಕೇ? ಗೊಣಗುತ್ತಲೇ ಜೊತೆಗೆ ಹೋದೆ. ಅವಳ ಚೀಲದಲ್ಲಿ ಉಡಿ ತುಂಬುವ ಸಾಮಾನು ಕಂಡಿತು. ಬಾದಾಮಿಯ ಬನಶಂಕರಿಗಿರಬೇಕು ಅಂದುಕೊಂಡೆ. ದಾಖಲೆ ಉಳಿಸು ತಾಯಿ ಎಂದು ಗುಡೂರು ದಾಟುವಾಗ ನಾನೂ ಬೇಡಿಕೊಂಡೆ.

ತಾಯಿ ಕೇಳಲಿಲ್ಲ. ಪಂದ್ಯ ಮುಗಿಯುವ ಹೊತ್ತಿಗೆ ಹುಡುಗಿ ಎಸೆದ ಚೆಂಡು ಬುಟ್ಟಿಯ ಅಂಚಿನ ಮೇಲೆ ಒಂದು ಸುತ್ತು ಹೊಡೆದು ಒಳಗೆ ಬಿತ್ತು. ಅದರೊಂದಿಗೆ ಅತ್ತೆಯ ದಾಖಲೆಯೂ ಹೋಯಿತು. ಮೊದಲು ಚಪ್ಪಾಳೆ ತಟ್ಟಿದವಳು ಅವಳೇ. ಆಮೇಲೆ ಚೀಲ ಹಿಡಿದು ಸೀದಾ ಅಂಕಣಕ್ಕಿಳಿದಳು. ನಾನು ಹಿಂದೆ ಓಡಿದೆ.

"ನೀ ಮುರಿದದ್ದು ನನ್ನ ರೆಕಾರ್ಡ್ ನೋಡವ್ವಾ. ಉಡಿ ಒಡ್ಡು," ಅಂದಳು ಅತ್ತೆ.

ಹುಡುಗಿ ಬೆವರು ಒರೆಸಿಕೊಳ್ಳುತ್ತ ಅವಳನ್ನು ನೋಡಿದಳು, ಚೀಲ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. "ಉಡಿ ಯಾಕ್ರಿ? ನಾ ಇನ್ನೂ ಆಡಬೇಕ್ರಿ. ಲಗ್ನಾ ಒಲ್ಲೆ!"

ನನ್ನನ್ನೇ ವರ ಅಂದುಕೊಂಡಳೆಂದು ತಲೆ ನರೆತ ನಾನು ನಾಚಿ ಹಿಂದೆ ಸರಿದೆ. ಅತ್ತೆ ಮನಸಾರೆ ನಕ್ಕಳು. ನಗು ನಿಂತ ಮೇಲೆ ದನಿ ಇಳಿಯಿತು.

"ನನಗ ಆಟ ಬಿಡಿಸಾಕ ತುಂಬಿದ್ರವ್ವಾ. ನಿನಗ ಆಡಾಕ ತುಂಬ್ತೇನಿ. ಹಿಡಿ."

ಸೆರಗಿಲ್ಲದ ಹುಡುಗಿ ಜೆರ್ಸಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿದಳು. ಅತ್ತೆಗೆ ಸಂಕಟವಾಗಲಿಲ್ಲ ಅಂತ ನಾನು ಹೇಳಲಾರೆ. ಆದರೂ ಒಂದು ಕಾಳೂ ಕೆಳಗೆ ಬೀಳದಂತೆ ತುಂಬಿದಳು.